ಗುತ್ತಲಿನಲ್ಲಿ ಒಂದು ರೂಮು ಕೇಳುತ್ತ

ಗೇಟಿನಾಚೆಯೇ ನಿಲ್ಲಿಸಿ ಕೇಳಿದಿರಿ, ತಪ್ಪೇನಿಲ್ಲ ಅಮ್ಮಾವ್ರೆ.
ಗೊತ್ತಿಲ್ಲದವರಿಗೆ ಬೀಗದಕೈ ಕೊಡುವುದು ಹೇಗೆ?
ಹೆಸರು ಹೊಂಬಾಳಮ್ಮ. ಐವತ್ತೆರಡು.
ಬೆಲ್ಲದ ಮಂಡಿ ಹಿಂದುಗಡೆ, ಸೈಕಲ್ ಶಾಪಿನ ಪಕ್ಕ
ನೀಲಿ ಬಾಗಿಲ ಗೂಡಂಗಡಿ ನೋಡಿರಬಹುದು.
ಬೋರ್ಡಿಲ್ಲ; ಒಂದು ತಕ್ಕಡಿ ತೂಗುಬಿಟ್ಟಿದೆ, ಅದೇ ಬೋರ್ಡು.
ಅಪ್ಪನ ಕೆಲಸ. ಅವನ ಕೈ ನಡುಗತೊಡಗಿದಾಗ
ಅರ ನನ್ನ ಕೈಗೆ ಕೊಟ್ಟ.
ಹೆಣ್ಣುಹುಡುಗಿ ಏನು ರಿಪೇರಿ ಮಾಡೀತು ಅಂದವರೆಲ್ಲ
ಆಮೇಲೆ ಸಾಲಾಗಿ ನಿಂತರು. ಅಲ್ಲ, ಅದು ಸುಳ್ಳು,
ಇಬ್ಬರೋ ಮೂವರೋ ಬಂದರು. ಅಷ್ಟೇ ಸಾಕಾಯಿತು.

ಈಗ ಎಲ್ಲ ಬ್ಯಾಟರಿ ತಕ್ಕಡಿ. ಕೆಂಪು ಅಂಕಿ
ಮಿಣಮಿಣ ಅನ್ನುತ್ತೆ. ಅದಕ್ಕೂ ಬೆಸುಗೆ ಹಾಕಲು ಕಲಿತೆ.
ಆದರೂ ಮುಳ್ಳು ನೆಟ್ಟಗೆ ನಿಲ್ಲುವ ಗಳಿಗೆ ಇದೆಯಲ್ಲ,
ಎರಡು ತಟ್ಟೆಯೂ ಜಗಳ ಮುಗಿಸಿ ಉಸಿರು ಬಿಟ್ಟ ಹಾಗೆ,
ಅದು ಅಂಕಿಯಲ್ಲಿ ಸಿಕ್ಕುವುದಿಲ್ಲ.

ಸಾಮಾನೇ? ಒಂದು ಆಟೋದಲ್ಲಿ ಬರುತ್ತೆ, ಜೊತೆಗೆ ನಾನೂ ಕೂತು.
ಸ್ಟವ್ವು, ಹಿಟ್ಟಿನ ದೊಣ್ಣೆ, ಮೂರು ಪಾತ್ರೆ,
ಚಾಪೆ, ಟ್ರಂಕು, ಅಪ್ಪನ ಅರಗಳ ಡಬ್ಬ.
ಫ್ರಿಜ್ಜಿಲ್ಲ. ಉಪ್ಸಾರು ರಾತ್ರಿಗೇ ಮುಗಿಯುತ್ತೆ,
ಉಳಿದರೆ ಬೆಳಿಗ್ಗೆ ಇನ್ನೂ ರುಚಿ.
ಇದನ್ನು ಬಡತನ ಅಂತ ನಮ್ಮಕ್ಕ ಅಳುತ್ತಾಳೆ.
ನನಗೆ ಹಾಗನ್ನಿಸಿಲ್ಲ. ಎತ್ತಿಕೊಂಡು ಹೋಗಲಾಗದ್ದನ್ನು
ನನ್ನದು ಅನ್ನುವುದು ಹೇಗೆ ಅಂತ, ಅಷ್ಟೇ.
ಫ್ಯಾನು ಮಾತ್ರ ಬೇಕು.
ನಾಲೆ ಸೊಳ್ಳೆಯ ಜೊತೆ ಸರಳ ಜೀವನ ಆಗಲ್ಲ.

ರಾತ್ರಿ ಲೈಟು ಉರಿಯುತ್ತೆ, ಮೊದಲೇ ಹೇಳಿರುತ್ತೇನೆ.
ಹವ್ಯಾಸ ಅನ್ನಿ, ಹುಚ್ಚು ಅನ್ನಿ.
ಅಕ್ಕಸಾಲಿಯೊಬ್ಬರು ಮಗನಿಗೆ ಬೇಡವಾಯಿತೆಂದು ಕೊಟ್ಟ
ಚಿನ್ನದ ತಕ್ಕಡಿ ಇದೆ, ಗಾಜಿನ ಪೆಟ್ಟಿಗೆಯದು.
ಅದರಲ್ಲಿ ಯಾರೂ ಮಾರದ್ದನ್ನು ತೂಗುತ್ತೇನೆ:
ಜೀರುಂಡೆಯ ರೆಕ್ಕೆ, ಹಳೇ ಬಸ್ ಟಿಕೇಟು,
ಕಬ್ಬಿನ ಸೂಲಂಗಿಯ ಒಂದು ಎಳೆ,
ಬೆಳಗಿನ ದಾಸವಾಳ, ಸಂಜೆಗೆ ಅದೇ ದಾಸವಾಳ.
ಗುಲಗಂಜಿ ಲೆಕ್ಕದಲ್ಲಿ ಬರೆದಿಡುತ್ತೇನೆ, ಇದು ಹನ್ನೊಂದನೇ ನೋಟ್‌ಬುಕ್ಕು.
ನಮ್ಮವ್ವನ ಮೂಗುಬೊಟ್ಟು ಎರಡೂವರೆ ಗುಲಗಂಜಿ,
ಏಳು ಸಲ ಗಿರವಿ ಇಟ್ಟು ಬಿಡಿಸಿಕೊಂಡ ಮೇಲೂ.

ಯಾವ ಜನ ಅಂದಿರಿ. ರಿಪೇರಿ ಜನ.
ನಗುತ್ತೀರಿ ಅಂದುಕೊಂಡೆ. ಹೋಗಲಿ.

ಯಾರಿಗೂ ಹೇಳಿಲ್ಲ; ರೂಮು ಕೇಳಲು ಬಂದು
ಇದನ್ನೇಕೆ ಹೇಳುತ್ತಿದ್ದೇನೋ.
ತೊಂಬತ್ತೆಂಟರಲ್ಲಿ ಅಕ್ಕನ ಬಾಣಂತನ, ಕೈಯಲ್ಲಿ ಕಾಸಿಲ್ಲ.
ದಿನಸಿ ಅಂಗಡಿಯವನೊಬ್ಬ ಬಂದ. ಅರ್ಧ ಕೇಜಿ ಬಟ್ಟು ಇಟ್ಟ,
ಪಕ್ಕದಲ್ಲಿ ಮುನ್ನೂರು ರೂಪಾಯಿ. ಮಾತಿಲ್ಲ.
ಬಟ್ಟಿನ ಅಡಿಯ ತೂತಲ್ಲಿ ಸೀಸ ಇರುತ್ತೆ.
ಕೆದಕಿದೆ. ಅರಗು ತುಂಬಿ, ಮೇಲೆ ತೆಳ್ಳಗೆ ಸೀಸ ಬಳಿದೆ.
ಇಪ್ಪತ್ತು ಗ್ರಾಮು.
ಅವನು ಸತ್ತ, ಅಂಗಡಿ ಮಾರಿದರು, ಬಟ್ಟು ಎಲ್ಲಿ ಹೋಯಿತೋ.
ಆ ಕೂಸು ಈಗ ಮದುವೆಯಾಗಿ ಪಾಂಡವಪುರದಲ್ಲಿದೆ.

ಅವತ್ತಿಂದ ಯಾವ ಅಂಗಡಿಗೆ ಹೋದರೂ
ಅರ್ಧ ಕೇಜಿ ಬಟ್ಟನ್ನು ಮಗುಚಿ ನೋಡುತ್ತೇನೆ.
ಮದ್ದೂರಿನ ಸಂತೆಯಲ್ಲಿ, ಶ್ರೀರಂಗಪಟ್ಟಣದ ಮೀನಿನವಳ ಹತ್ತಿರ.
ಮಳವಳ್ಳಿಯಲ್ಲಿ ಒಬ್ಬ ರೇಗಿದ: ಏನಮ್ಮಾ, ನೀನೇನು ಇನ್‌ಸ್ಪೆಕ್ಟ್ರಾ?
ಅಲ್ಲ ಕಣಣ್ಣ ಅಂದೆ. ಅವನ ಬಲಿತ ಬೆಂಡೆಕಾಯಿ ಕೊಂಡು ಬಂದೆ.
ನನ್ನ ಅರದ ಗೀಟು ನನಗೆ ಗೊತ್ತು, ಎಡಗೈಯವಳ ಗೀಟು.
ಸಿಕ್ಕರೆ ಏನು ಮಾಡುತ್ತೇನೆ ಅಂತ ಗೊತ್ತಿಲ್ಲ.
ಎಷ್ಟು ಮನೆಯ ಬೇಳೆ, ಎಷ್ಟು ಮಕ್ಕಳ ಸಕ್ಕರೆ,
ಆ ಲೆಕ್ಕ ಯಾವ ನೋಟ್‌ಬುಕ್ಕಿನಲ್ಲೂ ಕೂರುತ್ತಿಲ್ಲ.

ಇಷ್ಟೇ. ನೀರು ಜಾಸ್ತಿ ಸುರಿಯುವವಳಲ್ಲ.
ಭಾನುವಾರ ಮೀನು ಬೇಯುತ್ತೆ, ಅದನ್ನು ಬಿಡಲಾರೆ.
ಬಾಡಿಗೆ ಒಂದನೇ ತಾರೀಖು, ಚಿಲ್ಲರೆ ಸಮೇತ.
ಅಡ್ವಾನ್ಸು ಮಾತ್ರ ಜಾಸ್ತಿಯಾಯಿತು, ಅಮ್ಮಾವ್ರೆ.
ಒಂದು ಸಲ ಮೇಲೆ ಹೋಗೋಣ,
ಫ್ಯಾನು ತಿರುಗುತ್ತಾ ನೋಡಬೇಕು.